ಮಾಮೂಲಿಗೆ ಯಾವ ಬಿಲ್ ತೋರಿಸೋದು?

ಸಂಪಾದಕರಿಗೆ ನಮಸ್ಕಾರ,

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣಪುಟ್ಟ ಅಂಗಡಿಯೋರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಗ ನಮ್ಮ ಬೀದೀಲೂ ಸ್ಕ್ಯಾನರ್ ಕಿತ್ತಾಕಿ ‘ಕ್ಯಾಶ್ ಮಾತ್ರ’ ಅಂತ ಬರೆದು ಅಂಟಿಸಿದ್ರು, ಜನ ಅವರನ್ನ ತೆರಿಗೆಗಳ್ಳರು ಅಂದ್ಬಿಟ್ರು. ನಂಗೆ ಬಹಳ ನೋವಾಯ್ತು. ಮಂಡ್ಯದಲ್ಲಿ ನಂದೂ ಒಂದು ಪ್ರಾವಿಜನ್ ಸ್ಟೋರ್ ಇದೆ, ಸಣ್ಣ ವ್ಯಾಪಾರಿಗಳಿಗೆ ಅಂತ ಇರೋ ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮಲ್ಲಿ ವ್ಯಾಪಾರದ ನೂರಕ್ಕೆ 1 ರೂಪಾಯಿ ಕಟ್ತೀನಿ, ಅದ್ಯಾವತ್ತೂ ಭಾರ ಅನ್ನಿಸಿಲ್ಲ.

ಭಾರ ಅನ್ಸಿದ್ದು ಲೈಸೆನ್ಸ್ ರಿನೀವಲ್‌ಗೆ ಹೋದಾಗ. ಫೀಸು ಕಟ್ಟಾಗಿತ್ತು, ಆದ್ರೂ ಮೂರು ಸಲ ಅಲೆಸಿ ನಾಲ್ಕನೇ ಸಲ ಎರಡು ಸಾವಿರ ಕೇಳಿದ್ರು, ಅದೂ ಕ್ಯಾಶೇ ಆಗ್ಬೇಕು. ಕೊಟ್ಟೆ, ಸುಳ್ಳ್ಯಾಕೆ ಹೇಳ್ಲಿ. ಆ ದುಡ್ಡಿಗೆ ರಸೀದಿ ಇಲ್ಲ, ಲೆಕ್ಕದ ಬುಕ್ಕಲ್ಲಿ ಬರೆಯಂಗಿಲ್ಲ, ಹಂಗಾಗಿ ಬಿಲ್ ಹಾಕದೆ ಮಾರಿದ ಸಾಮಾನಿನ ದುಡ್ಡಲ್ಲೇ ಅದನ್ನ ಹೊಂದಿಸ್ಬೇಕು, ಆಮೇಲೆ ಬಿಲ್ ಹಾಕಿಲ್ಲ ಅನ್ನೋದನ್ನೇ ಹಿಡ್ಕೊಂಡು ಇನ್ನೊಬ್ರು ಬಂದು ಕೇಳ್ತಾರೆ.

ಬೇರೆ ದೇಶದಲ್ಲೂ ಇದೇ ಕಥೆ. 69 ದೇಶಗಳ ಲೆಕ್ಕ ನೋಡಿ ಅರ್ಥಶಾಸ್ತ್ರಜ್ಞರು 2000ರಲ್ಲಿ ಬರೆದಿದ್ದೂ ಇದನ್ನೇ, ಜನ ಲೆಕ್ಕದಿಂದ ಆಚೆ ಹೋಗೋದು ತೆರಿಗೆ ದರಕ್ಕಿಂತ ಲಂಚಕ್ಕೆ, ಕಚೇರಿ ಅಲೆದಾಟಕ್ಕೆ ಹೆದರಿ ಅಂತ. ಜಾರ್ಜಿಯಾ ದೇಶದಲ್ಲಿ 2004ರಲ್ಲಿ ಲಂಚಕ್ಕೆ ಹೆಸರಾಗಿದ್ದ ಟ್ರಾಫಿಕ್ ಪೊಲೀಸರನ್ನ ಇಡೀ ಇಲಾಖೇನೇ ಮನೆಗೆ ಕಳಿಸಿ ಹೊಸಬರನ್ನ ತಗೊಂಡ್ರು, ಇಪ್ಪತ್ತಕ್ಕೂ ಮೇಲೆ ಇದ್ದ ತೆರಿಗೆಗಳನ್ನ ಆರೇಳಕ್ಕೆ ಇಳಿಸಿದ್ರು, ನಾಲ್ಕೈದು ವರ್ಷದಲ್ಲಿ ಜಿಡಿಪಿ ಲೆಕ್ಕದಲ್ಲಿ ತೆರಿಗೆ ವಸೂಲಿ ಹೆಚ್ಚುಕಮ್ಮಿ ಡಬಲ್ ಆಯ್ತು. ಟುನೀಶಿಯಾದ ಮೊಹಮ್ಮದ್ ಬೌಅಜೀಜಿ ತಳ್ಳುಗಾಡೀಲಿ ಹಣ್ಣು ತರಕಾರಿ ಮಾರ್ತಿದ್ದ ಹುಡುಗ, 2010ರ ಡಿಸೆಂಬರ್ 17ರಂದು ನಗರಸಭೆಯೋರು ತಕ್ಕಡಿ ಕಿತ್ಕೊಂಡ್ರು ಅಂತ ಮೈಗೆ ಬೆಂಕಿ ಹಚ್ಕೊಂಡ. ನಮ್ಮ ಪೇಟೆ ಬೀದೀಲಿ ಗಾಡಿ ಎತ್ತಾಕೊಂಡು ಹೋಗೋದು ಕಂಡಾಗೆಲ್ಲ ಆ ಹುಡುಗ ನೆನಪಾಗ್ತಾನೆ.

ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆ ಇದೆ, ಕೆಲಸ ತಡ ಆದ್ರೆ ದಿನಕ್ಕೆ 20 ರೂಪಾಯಿ, ಒಟ್ಟು 500ರ ತನಕ ಪರಿಹಾರ. ಎರಡು ಸಾವಿರ ಕೇಳೋ ಜಾಗದಲ್ಲಿ ಐನೂರಕ್ಕೆ ಯಾರೂ ಹೆದರಲ್ಲ. ಅದರ ಬದಲು ಫೀಸು ಕಟ್ಟಿ ಗಡುವು ಮುಗಿದ ದಿನವೇ ಲೈಸೆನ್ಸ್ ತಾನಾಗೇ ಮೊಬೈಲಿಗೆ ಬರೋ ಹಂಗೆ ಮಾಡ್ಲಿ, ಸ್ಕ್ಯಾನರ್ ಕಿತ್ತಾಕಿರೋ ಪಕ್ಕದ ಟೀ ಅಂಗಡಿಯಣ್ಣನ್ನ ನಾನೇ ಕರ್ಕೊಂಡೋಗಿ ರಿಜಿಸ್ಟರ್ ಮಾಡಿಸ್ತೀನಿ.

ಇಂತಿ,
ಒಬ್ಬ ಅಂಗಡಿಯವ, ಮಂಡ್ಯ