ಹಾಳೆ ತಟ್ಟೆಗೆ ಎಷ್ಟು ಹೊಗಳಿಕೆ ಬೇಕು?

ಪೆರ್ಲ, ಕಾಸರಗೋಡು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಅಡಿಕೆ ಹಾಳೆಯ ತಟ್ಟೆಯ ಜಾಹೀರಾತಿಗೆ ನೀನು ಬರೆದ ಸಾಲುಗಳನ್ನು ಅತ್ತೆಗೂ ಓದಿ ಹೇಳಿದೆ. ‘ಭೂಮಿಯನ್ನು ಉಳಿಸುವ ತಟ್ಟೆ’ ಎಂಬಲ್ಲಿಗೆ ಬಂದಾಗ ಅವಳು, “ತೋಟದಲ್ಲಿ ಬಿದ್ದು ಗೆದ್ದಲು ಹಿಡಿಯುವ ಹಾಳೆಗೆ ಇಷ್ಟು ಸಾಮರ್ಥ್ಯವಿದ್ದದ್ದು ಗೊತ್ತೇ ಇರಲಿಲ್ಲ” ಎಂದಳು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ಮಾತ್ರ ಆ ಸಾಲು ಕೊರೆಯತೊಡಗಿತು.

ನಮ್ಮ ಕಡೆ ತೋಟಕ್ಕೆ ಸಿಂಪಡಿಸುವುದೆಲ್ಲಕ್ಕೂ ‘ಮದ್ದು’ ಎಂದೇ ಹೆಸರು. ಅಡಿಕೆಗೆ ಬಿಡುವ ಮೈಲುತುತ್ತು ಸುಣ್ಣವೂ ಮದ್ದು, ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಎಂಡೋಸಲ್ಫಾನೂ ಮದ್ದು. ಪಕ್ಕದ ಪಡ್ರೆ ಊರಿನ ರೋಗಪೀಡಿತ ಮಕ್ಕಳ ಸ್ಥಿತಿ ಲೋಕಕ್ಕೆ ತಿಳಿದು, ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ವಿಷವೆಂದು ಕರೆದಿದ್ದರೆ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೆವೇ? ಯಾವ ಕಂಪನಿಯೂ ಹಣ ಕೊಟ್ಟು ಬರೆಸದ ಜಾಹೀರಾತು ಅದು, ಎರಡೇ ಅಕ್ಷರದ್ದು. ನಿನ್ನ ‘ಹಸಿರು’, ‘ಪರಿಸರಸ್ನೇಹಿ’ಗಳನ್ನು ಕಂಡರೆ ನನಗೆ ಅದೇ ನೆನಪಾಗುತ್ತದೆ. ಆಧಾರವಿಲ್ಲದೆ ಇಂಥ ಮಾತು ಬಳಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿಯೂ 2024ರಲ್ಲಿ ನಿಯಮ ಮಾಡಿದೆ. ನಿನ್ನ ಕಚೇರಿಯವರಿಗೆ ಗೊತ್ತಿರಬೇಕು.

ಹಾಗೆಂದು ನಿನ್ನ ಕಸುಬನ್ನು ಹಳಿಯುತ್ತಿಲ್ಲ. ಪಲ್ಸ್ ಪೋಲಿಯೋ ನೆನಪಿದೆಯೇ? ನಿನ್ನನ್ನು ಬೂತಿಗೆ ಎತ್ತಿಕೊಂಡು ಹೋದವನು ನಾನೇ, ನೀನು ಅಂಗಿ ಒದ್ದೆ ಮಾಡಿದ್ದೂ ನೆನಪಿದೆ. 1995ರಲ್ಲಿ ಶುರುವಾದ ಆ ಕೆಲಸದಿಂದ 2014ಕ್ಕೆ ದೇಶ ಪೋಲಿಯೋಮುಕ್ತವೆನಿಸಿತು. ಅದರ ಜಾಹೀರಾತು ‘ಮಕ್ಕಳನ್ನು ಪ್ರೀತಿಸಿ’ ಎಂದು ಉಪದೇಶ ಮಾಡಲಿಲ್ಲ. ಇಂಥ ಭಾನುವಾರ, ಐದು ವರ್ಷದೊಳಗಿನ ಮಗು, ಎರಡು ಹನಿ, ಇಷ್ಟೇ ಹೇಳಿತು. ಹೋದವರಿಗೆ ಬೂತಿನಲ್ಲಿ ಲಸಿಕೆ ಇತ್ತು. ಹೋಗದವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ನಡೆದುಕೊಂಡು ಬಂದರು. ಅವರ ಕಾಲಿನ ಶ್ರಮವಿಲ್ಲದಿದ್ದರೆ ಆ ಜಾಹೀರಾತು ಗೋಡೆಯ ಮೇಲೇ ಉಳಿಯುತ್ತಿತ್ತು.

ನಿನ್ನ ತಟ್ಟೆಗೂ ಅಷ್ಟೇ ಸಾಕು. ಒಂದು ಊಟಕ್ಕೆ ಒಂದು ಪ್ಲಾಸ್ಟಿಕ್ ತಟ್ಟೆ ತಪ್ಪಿತು, ಭೂಮಿಯೇನೂ ಉಳಿಯಲಿಲ್ಲ. ಉಂಡ ಮೇಲೆ ತಟ್ಟೆಯನ್ನು ಎಲ್ಲಿ ಹಾಕಬೇಕೆಂದು ನಿನ್ನ ಬರಹದಲ್ಲಿ ಒಂದು ಮಾತೂ ಇಲ್ಲ. ನಮ್ಮಲ್ಲಾದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಬೆಂಗಳೂರಿನ ಮದುವೆ ಮಂಟಪದಲ್ಲಿ ನೀರಿನ ಬಾಟಲಿಗಳ ಜೊತೆ ಒಂದೇ ಚೀಲಕ್ಕೆ ತುರುಕುವುದನ್ನು ಕಣ್ಣಾರೆ ಕಂಡಿದ್ದೇನೆ. ‘ಹಸಿ ಕಸದ ಬುಟ್ಟಿಗೆ ಹಾಕಿ’ ಎಂದು ಬರೆ. ಮಂಟಪದಲ್ಲಿ ಆ ಬುಟ್ಟಿ ಇರುವಂತೆ ನೋಡಿಕೊಳ್ಳಲು ತಟ್ಟೆಯವರಿಗೂ ಹೇಳು. ಮಲಯಾಳದಲ್ಲೂ ಬರೆಸುವುದಾದರೆ ತಿಳಿದವರಿಂದ ಬರೆಸು. ಇಲ್ಲಿ ಕೇರಳದಲ್ಲಿ ನಮಗೆ ಬರುವ ತಪ್ಪು ತಪ್ಪು ಕನ್ನಡ ಸೂಚನೆಗಳ ಅವಸ್ಥೆ ಮಲಯಾಳ ಓದುವವರಿಗೆ ಬೇಡ.

ಇನ್ನೊಂದು ವಿಷಯ. ನೀನು ಮಾದರಿಗೆಂದು ಕಳಿಸಿದ ಇಪ್ಪತ್ತೈದು ತಟ್ಟೆಗಳ ಕಟ್ಟನ್ನು ಅತ್ತೆ ಬಿಚ್ಚಿದಳು. ಸುತ್ತಿದ್ದ ಪ್ಲಾಸ್ಟಿಕನ್ನು ಎಲ್ಲಿ ಹಾಕಲಿ ಎಂದು ಕೇಳುತ್ತಿದ್ದಾಳೆ. ಉತ್ತರ ಬರೆ.

ನಿನ್ನ ಮಾವ