ಪೈಲಟ್‌ಗಳ ಲೆಕ್ಕ ಅಕ್ಟೋಬರ್‌ನಲ್ಲೇ ಕೇಳಬೇಕಿತ್ತು

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್ ಮೊದಲ ವಾರ, ಪೈಲಟ್‌ಗಳ ಹೊಸ ವಿಶ್ರಾಂತಿ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಇಂಡಿಗೋ ಸಂಸ್ಥೆಯ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಹುಬ್ಬಳ್ಳಿಯ ಒಂದು ಆರತಕ್ಷತೆಗೆ ವಧೂವರರೇ ಬರಲಾಗಲಿಲ್ಲ. ಅವರು ಪರದೆಯ ಮೇಲೆ ಕಾಣಿಸಿಕೊಂಡರು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಆ ನಿಯಮದ ಮೇಲೆ ತಿರುಗಬಾರದು.

ಹೊಸ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯ ಲೆಕ್ಕ ಬೆಳಗಿನ 5ರ ಬದಲು 6ರವರೆಗೆ ಹೋಯಿತು. ರಾತ್ರಿ ಪಾಳಿಯಲ್ಲಿ ಒಬ್ಬ ಪೈಲಟ್ ಮಾಡಬಹುದಾದ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಬೆಳಗಿನ 2ರಿಂದ 6ರವರೆಗೆ ಮನುಷ್ಯನ ಎಚ್ಚರ ತೀರಾ ಮಂದ. ವಿಮಾನ ಕೊನೆಯ ಸಾವಿರ ಅಡಿ ಇಳಿಯಲು ಸುಮಾರು ಒಂದೂವರೆ ನಿಮಿಷ ಸಾಕು. ಅಷ್ಟರೊಳಗೆ ವೇಗ, ಇಳಿಯುವ ಗತಿ, ಗಾಳಿ ಎಲ್ಲ ನೋಡಿ, ಹದ ತಪ್ಪಿದ್ದರೆ ಮತ್ತೆ ಮೇಲೇರಬೇಕು. ದಣಿದವರು ಹೇಗೋ ಇಳಿಸಿಬಿಡಲು ನೋಡುತ್ತಾರೆ. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ಆದದ್ದು ಇದೇ. ಹೊತ್ತು ಬೆಳಗಿನ 6ರ ಆಸುಪಾಸು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಸಹ ಪೈಲಟ್ ಮೇಲೇರಿ ಎಂದು ಮತ್ತೆ ಮತ್ತೆ ಹೇಳಿದರೂ ವಿಮಾನ ಇಳಿಸಿದರು. 158 ಜನ ಸತ್ತರು.

ಈ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಎರಡನೇ ಹಂತ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ಚಳಿಗಾಲದ ವೇಳಾಪಟ್ಟಿ ಶುರುವಾದದ್ದು ಅದಕ್ಕೆ ಆರು ದಿನ ಮೊದಲು. ಎರಡಕ್ಕೂ ಸಹಿ ಹಾಕುವ ಕಚೇರಿ ಒಂದೇ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಅದರ ಮಹಾನಿರ್ದೇಶಕರು ವೇಳಾಪಟ್ಟಿ ಒಪ್ಪುವ ಮುನ್ನ ಒಂದು ಲೆಕ್ಕ ಕೇಳಬೇಕಿತ್ತು: ಪ್ರತಿ ಮಾದರಿಯ ವಿಮಾನಕ್ಕೆ ಕ್ಯಾಪ್ಟನ್ ಎಷ್ಟು, ಸಹ ಪೈಲಟ್ ಎಷ್ಟು? ಅದರಲ್ಲಿ ರಜೆಯವರು, ತರಬೇತಿಯಲ್ಲಿರುವವರು, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆಗೆ ಹೋಗುವವರನ್ನು ಕಳೆದು, ತುರ್ತಿಗೆಂದು ಕಾದಿರುವವರನ್ನು ಬದಿಗಿಟ್ಟು ಉಳಿದವರು ರಾತ್ರಿಯ ಅಷ್ಟೂ ವಿಮಾನಗಳಿಗೆ ಸಾಲುತ್ತಾರೆಯೇ? ಸಾಲದಿದ್ದರೆ ಅಂದೇ ಹಾರಾಟ ಕಡಿಯಬೇಕಿತ್ತು. ಶೇ 10 ಕಡಿತ ಬಂದದ್ದು ಜನ ವಿಮಾನ ನಿಲ್ದಾಣಗಳಲ್ಲಿ ಮಲಗಿ ಎದ್ದ ಮೇಲೆ. ಅದಕ್ಕೂ ಮೊದಲು, ಡಿಸೆಂಬರ್ 5ರಂದು, ಇಂಡಿಗೋಗೆ ರಾತ್ರಿ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು.

ಒತ್ತಡ ಬಂದಾಗ ನಿಯಮ ಸಡಿಲಿಸುವುದು ಸುಲಭ. ಆ ಕುರ್ಚಿಯಲ್ಲಿ ಕುಳಿತವರ ಕೆಲಸ ಒತ್ತಡ ಬರುವ ಮುನ್ನವೇ ಬೇಡ ಎನ್ನುವುದು. ವಿನಾಯಿತಿ ಕೊಡಲೇಬೇಕಾದರೆ ಕಾರಣ, ಕೊನೆಯ ದಿನ, ಆ ಅವಧಿಯಲ್ಲಿ ದಣಿವಿನ ದೂರುಗಳ ಮೇಲೆ ಯಾರ ನಿಗಾ ಎಂಬುದನ್ನು ಸಾರ್ವಜನಿಕವಾಗಿ ಬರೆದು ಪ್ರಕಟಿಸಲಿ. ಬೇಸಿಗೆಯ ವೇಳಾಪಟ್ಟಿ ಪ್ರತಿ ವರ್ಷ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಪೈಲಟ್‌ಗಳ ಲೆಕ್ಕ ಫೆಬ್ರುವರಿಯಲ್ಲೇ ಅವರ ಮೇಜಿಗೆ ಬರಬೇಕು.

— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ