ಮದ್ದು ಬಿಟ್ಟವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹೊರಗೆ ಬೆಲೆ ಇಲ್ಲ, ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯಲು ಬರುವುದಿಲ್ಲ ಎಂದು ಕೊರಗುವ ಲೇಖನವೊಂದನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬರೆದವರ ಕಾಳಜಿ ನಿಜವಾದದ್ದೇ ಇರಬಹುದು. ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಸುಮ್ಮನಿರಲು ಆಗುತ್ತಿಲ್ಲ.

ನನ್ನ ತಂಗಿಯ ಮಗಳು ಪಿಎಚ್‌ಡಿ ಮಾಡುತ್ತಿದ್ದಾಳೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಜನ ಹೇಗೆ ಮಾತಾಡುತ್ತಾರೆ ಎಂಬುದು ಅವಳ ವಿಷಯ. ವಿಷದ ಅಧ್ಯಯನ ಅಲ್ಲ, ಮಾತಿನ ಅಧ್ಯಯನ. ಇದಕ್ಕೆ ಇಂಗ್ಲಿಷಿನಲ್ಲಿ ಡಿಸ್ಕೋರ್ಸ್ ಅನಾಲಿಸಿಸ್ ಅನ್ನುತ್ತಾರೆ, ಕನ್ನಡದಲ್ಲಿ ಸಂಕಥನ ವಿಶ್ಲೇಷಣೆ. ಹೆಸರು ದೊಡ್ಡದು, ಕೆಲಸ ಸರಳ. ಯಾರು ಯಾವ ಮಾತನ್ನು ಆರಿಸಿಕೊಂಡರು, ಅದರಿಂದ ಏನು ಎದ್ದು ಕಂಡಿತು, ಏನು ಮುಚ್ಚಿಹೋಯಿತು ಎಂದು ನೋಡುವುದು.

ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆ ಮನೆಮನೆ ಹತ್ತಿ ಇಳಿದು ಅವಳು ಮಾತು ರೆಕಾರ್ಡ್ ಮಾಡಿಕೊಂಡು ಬಂದಳು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಲ್ಲರಿಗೂ ಗೊತ್ತು. ಅದನ್ನು ಕಣ್ಣಾರೆ ಕಂಡ ಒಬ್ಬರು ಅಜ್ಜಿ ಹೇಳಿದ್ದು ಇಷ್ಟು: "ಹೆಲಿಕಾಪ್ಟರಿನಲ್ಲಿ ಬಂದು ಮದ್ದು ಬಿಟ್ಟರು." ತುಳುವಿನಲ್ಲಿ ಮಾತಾಡಿದವರು 'ಮರ್ದ್' ಅಂದರು. ಮಲಯಾಳದವರು 'ಮರುನ್ನ್' ಅಂದರು. ಮೂರೂ ಒಂದೇ ಬೇರಿನ ಮಾತು. ನಮ್ಮಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದೂ ಮದ್ದು ಬಿಡುವುದೇ, ಜ್ವರ ಬಂದಾಗ ಕುಡಿಯುವುದೂ ಮದ್ದೇ. "ಮದ್ದು ಅಂದ ಮೇಲೆ ಅದಕ್ಕೆ ಹೆದರುವುದು ಹೇಗೆ?" ಎಂದು ಒಬ್ಬರು ಇವಳನ್ನೇ ತಿರುಗಿ ಕೇಳಿದರಂತೆ. ಒಂದು ಪ್ರಬಂಧಕ್ಕೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಅವಳ ಇಂಗ್ಲಿಷ್ ಸಂಶೋಧನಾ ಪೇಪರಿನಲ್ಲಿ ಅಜ್ಜಿಯ ಆ ವಾಕ್ಯ ಏನಾಗಿತ್ತು ಗೊತ್ತೇ? ಕನ್ನಡಕ್ಕೆ ತಿರುಗಿಸಿದರೆ "ಕೀಟನಾಶಕವನ್ನು ಸಿಂಪಡಿಸಲಾಯಿತು" ಎಂದಾಗುತ್ತದೆ. ಮದ್ದು ಹೋಯಿತು. ಬಿಟ್ಟವರೂ ಹೋದರು. ಅಜ್ಜಿ ಯಾರ ಹೆಸರನ್ನೂ ಹೇಳಿರಲಿಲ್ಲ, ಆದರೆ 'ಬಿಟ್ಟರು' ಅನ್ನುವುದರ ಕೊನೆಯ 'ರು'ವಿನಲ್ಲಿ ಮನುಷ್ಯರು ಇದ್ದರು. 'ಸಿಂಪಡಿಸಲಾಯಿತು' ಅನ್ನುವುದರಲ್ಲಿ ಯಾರೂ ಇಲ್ಲ. ಮಳೆ ಬಂದ ಹಾಗೆ ತಾನೇ ಬಿತ್ತು!

ಕೇಳಿದ್ದಕ್ಕೆ ಅವಳು ಅಂದಳು: "ಮಾವ, ಮದ್ದು ಅಂತ ಬರೆದರೆ ಹೊರಗಿನ ಓದುಗರಿಗೆ ಔಷಧಿ ಅಂತ ಆಗ್ತದೆ. ಯಾರು ಬಿಟ್ಟದ್ದು ಅಂತ ಬರೆದರೆ ಭಾಷೆ ತಟಸ್ಥವಾಗಿಲ್ಲ ಅಂತಾರೆ."

ಇಲ್ಲೊಂದು ತಮಾಷೆ ಇದೆ. ಕರ್ಮಣಿ ಪ್ರಯೋಗದಲ್ಲಿ ಮಾಡಿದವನು ಮಾಯವಾಗುತ್ತಾನೆ, ಹುಷಾರು ಎಂದು ಕಲಿಸಿಕೊಟ್ಟದ್ದೇ ಈ ಸಂಕಥನ ವಿಶ್ಲೇಷಣೆ. ಅದರ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಬ್ರಿಟನ್ನಿನ ನಾರ್ಮನ್ ಫೇರ್‌ಕ್ಲಫ್ 1993ರಲ್ಲೇ ತಮ್ಮ ದೇಶದ ವಿಶ್ವವಿದ್ಯಾಲಯಗಳ ಜಾಹೀರಾತು, ಪ್ರಕಟಣೆಗಳನ್ನು ಮುಂದಿಟ್ಟುಕೊಂಡು, ಇವು ಅಂಗಡಿಯ ಭಾಷೆ ಆಡುತ್ತಿವೆ ಎಂದು ತೋರಿಸಿದ್ದರು. ಅಧಿಕಾರವನ್ನು ಮೂಸಿ ಹಿಡಿಯುವ ವಿದ್ಯೆ ಅದು. ಅದೇ ವಿದ್ಯೆ ಜಗತ್ತೆಲ್ಲ ಸುತ್ತಿ ನಮ್ಮ ಕಾಸರಗೋಡಿಗೆ ಬರುವ ಹೊತ್ತಿಗೆ, ಅಜ್ಜಿಯ ಬಾಯಿಂದ 'ರು' ಕಿತ್ತುಕೊಳ್ಳುವ ನಿಯಮಪಟ್ಟಿ ಆಗಿಬಿಟ್ಟಿದೆ.

ಕಳಿಸಿದ ಸಂಶೋಧನಾ ಪತ್ರಿಕೆಯಿಂದ ಪೇಪರ್ ವಾಪಸು ಬಂತು. ಯಾವ ಪತ್ರಿಕೆ ಎಂದು ಹೇಳುವುದು ಬೇಡ. ಎರಡು ಕಾರಣ ಕೊಟ್ಟಿದ್ದರು. ಒಂದು, ಇದು ತೀರಾ ಸ್ಥಳೀಯ ವಿಷಯ, ಅಂತರರಾಷ್ಟ್ರೀಯ ಓದುಗರಿಗೆ ಇದರಲ್ಲಿ ಏನಿದೆ? ಎರಡು, ಇಂಗ್ಲಿಷ್ ಮಾತೃಭಾಷೆಯಾದವರಿಂದ ತಿದ್ದಿಸಿ ಕಳಿಸಿ. ಒಪ್ಪಿಕೊಂಡರೆ ಕೊಡಬೇಕಾದ ಪ್ರಕಟಣೆಯ ಶುಲ್ಕ ಡಾಲರಿನಲ್ಲಿತ್ತು. ಅವಳ ಮೂರ್ನಾಲ್ಕು ತಿಂಗಳ ಫೆಲೋಶಿಪ್ ಅದಕ್ಕೇ ಆಗುತ್ತಿತ್ತು. ಶ್ರೀಲಂಕಾದ ಯಾಳ್ಪಾಣದ (ಜಾಫ್ನಾ) ಭಾಷಾವಿದ್ವಾಂಸ ಸುರೇಶ್ ಕನಗರಾಜಾ ಈಗ ಅಮೆರಿಕದಲ್ಲಿದ್ದಾರೆ. ಯಾಳ್ಪಾಣದಲ್ಲಿ ಯುದ್ಧ ನಡೆಯುತ್ತಿದ್ದಾಗ ಕಾಗದ, ಕರೆಂಟು, ಅಂಚೆ ಯಾವುದೂ ನೆಟ್ಟಗಿಲ್ಲದ ಕಡೆಯಿಂದ ಪಶ್ಚಿಮದ ಪತ್ರಿಕೆಗಳಿಗೆ ಬರೆಯುವುದು ಎಂಥ ಕಷ್ಟ ಎಂದು ಅವರು ವಿವರವಾಗಿ ಬರೆದಿದ್ದಾರೆ. ನಮ್ಮಲ್ಲಿ ಯುದ್ಧ ಇಲ್ಲ. ಕರೆಂಟು ಮಳೆಗಾಲದಲ್ಲಿ ಮಾತ್ರ ಹೋಗುತ್ತದೆ. ಆದರೂ ಬಾಗಿಲು ಅದೇ, ಚಿಲಕವೂ ಅದೇ.

'ಸ್ಥಳೀಯ' ಅನ್ನುವ ಮಾತು ನನ್ನನ್ನು ಕೆಣಕಿತು. ಲಂಡನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯ ಜೊತೆ ಆಡಿದ ಮಾತು 'ಡಾಕ್ಟರು ರೋಗಿ ಸಂಭಾಷಣೆ' ಆಗಬಹುದು. ಕಾಸರಗೋಡಿನದ್ದಾದರೆ ಹೆಸರಿನ ಬಾಲಕ್ಕೆ 'ಕೇರಳದ ಒಂದು ಹಳ್ಳಿಯ ಅಧ್ಯಯನ' ಎಂದು ಅಂಟಿಸಬೇಕು. ಅವರದು ಮನುಷ್ಯರ ಮಾತು, ನಮ್ಮದು ಹಳ್ಳಿಯ ಮಾತು. ಹಾಗಲ್ವಾ?

ಇನ್ನು ಬರೆಯುವ ಕ್ರಮ. ಜಾನ್ ಸ್ವೇಲ್ಸ್ ಎಂಬವರು 1990ರಲ್ಲಿ ಇಂಗ್ಲಿಷ್ ಪೇಪರುಗಳ ಪೀಠಿಕೆ ಹೇಗೆ ಕಟ್ಟಿರುತ್ತದೆ ಎಂದು ಬಿಡಿಸಿ ತೋರಿಸಿದರು. ಮೊದಲು ಈ ಜಾಗ ಮುಖ್ಯ ಅನ್ನಬೇಕು. ಆಮೇಲೆ ಇಲ್ಲೊಂದು ಗ್ಯಾಪ್ ಇದೆ ಅನ್ನಬೇಕು. ಆಮೇಲೆ ಅದನ್ನು ನಾನು ತುಂಬುತ್ತೇನೆ ಅನ್ನಬೇಕು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಈಗ ಅದು ಎಲ್ಲರಿಗೂ ಎರಕದ ಅಚ್ಚು. ನಮ್ಮ ಹುಡುಗರು ಗ್ಯಾಪ್ ಹುಡುಕುವುದರಲ್ಲೇ ಒಂದು ವರ್ಷ ಕಳೆಯುತ್ತಾರೆ. ಸಿಗದಿದ್ದರೆ ತೋಡುತ್ತಾರೆ.

ನಾವು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಅಲ್ಲಿಯೂ ಪೀಠಿಕೆ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿಯೋ ವಾಲಿಯಾಗಿಯೋ ಪೀಠಿಕೆಗೆ ಕುಳಿತರೆ, ಇದುವರೆಗೆ ಯಾರೂ ಈ ವಾಲಿಯನ್ನು ಮುಟ್ಟಿಲ್ಲ ಎಂಬ ಧಾಟಿ ಇರಲಿಲ್ಲ. ಎಲ್ಲರೂ ಮುಟ್ಟಿದ ವಾಲಿಯೇ. ಭಾಗವತರು ಹೇಳಿದ ಪದ್ಯವೂ ಅದೇ. ಎದುರು ಕೂತ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಅಲ್ಲೇ, ಸಭೆಯ ಮುಂದೆಯೇ ಉತ್ತರ ಕೊಡಬೇಕು. ಹೊಸತು ಹುಟ್ಟುತ್ತಿದ್ದದ್ದು ಆ ತಿಕ್ಕಾಟದಲ್ಲಿ. ಇದು ವಾದ ಕಟ್ಟುವ ಕ್ರಮ ಅಲ್ಲವೇ? 1966ರಲ್ಲಿ ಅಮೆರಿಕದ ರಾಬರ್ಟ್ ಕಪ್ಲಾನ್ ಎಂಬವರು ಇಂಗ್ಲಿಷಿನವರ ಯೋಚನೆಗೆ ನೇರ ಗೆರೆ, ಪೂರ್ವದವರ ಯೋಚನೆಗೆ ಸುರುಳಿ ಎಂದು ಚಿತ್ರವನ್ನೇ ಬರೆದುಕೊಟ್ಟಿದ್ದರು. ಅವರಿಗೆ ಬಾಣ, ನಮಗೆ ಚಕ್ಕುಲಿ. ಮುಂದೆ ಅದಕ್ಕೆ ಸಾಕಷ್ಟು ಟೀಕೆ ಬಂತು. ಆದರೆ ಪೇಪರ್ ತಿದ್ದುವವರ ತಲೆಯಿಂದ ಆ ಚಿತ್ರ ಇನ್ನೂ ಅಳಿಸಿಲ್ಲ ಎಂದು ನನಗೆ ಗುಮಾನಿ.

ಹಾಗಂತ ಹೊರಗಿನದೆಲ್ಲ ಬೇಡ ಎನ್ನುವವನಲ್ಲ ನಾನು. ನಮ್ಮ ಮಾತು ಹೊರಗೆ ಹೋದ ಕಾಲವೂ ಇತ್ತು. ಕಾಫಿ ಎಲೆ ಕೊಳೆಯಿಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ 1876ರಲ್ಲಿ ಇಟ್ಟ ಹೆಸರು 'ಪೆಲಿಕ್ಯುಲೇರಿಯಾ ಕೊಳೆರೋಗ'. ಮೈಸೂರು ಸೀಮೆಯ ತೋಟದವರು ಆಡುತ್ತಿದ್ದ ಮಾತನ್ನು ಹಾಗೇ ಎತ್ತಿ ಲ್ಯಾಟಿನ್ ಹೆಸರಿಗೆ ಜೋಡಿಸಿದರು. 1910ರಲ್ಲಿ ಮೈಸೂರಿನಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕಾಯಿ ಉದುರುವುದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗಲೂ ಕೊಳೆರೋಗ ಕೊಳೆರೋಗವೇ. ಇಂದಿಗೂ ಅಡಿಕೆಯ ಬಗೆಗಿನ ಇಂಗ್ಲಿಷ್ ಬರಹಗಳಲ್ಲಿ ನಮ್ಮ ಕೊಳೆರೋಗವೂ ಮಲಯಾಳದವರ ಮಹಾಳಿಯೂ ಅಕ್ಕಪಕ್ಕ ಕೂತಿರುತ್ತವೆ. ಆಗಿನ ಬ್ರಿಟಿಷರು ಉದಾರಿಗಳಾಗಿದ್ದರು ಎಂದಲ್ಲ. ಕಾಫಿಯಲ್ಲಿ ಅವರ ದುಡ್ಡಿತ್ತು. ಆದರೆ ಕೊಳೆರೋಗ ಹೋದ ದಾರಿಯಲ್ಲಿ 'ಮದ್ದು' ಹೋಗಬಾರದೇ? ಮೊದಲ ಸಲ ಬಂದಾಗ ಎರಡು ಸಾಲು ವಿವರಣೆ ಕೊಟ್ಟು, ಆಮೇಲೆ ಮದ್ದು ಎಂದೇ ಬರೆದರೆ ಓದುವವರಿಗೆ ಏನು ಕಷ್ಟ? ನಾವು ಅವರ ಡಿಸ್ಕೋರ್ಸನ್ನು ಕಲಿತಿಲ್ಲವೇ?

ಡಿಸ್ಕೋರ್ಸ್ ಅನ್ನುವ ಆ ಮಾತಿನ ಪಾಡೇ ನೋಡಿ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಅತ್ತಿತ್ತ ಓಡಾಡುವುದು. ನಾವು ಕಾಸರಗೋಡಿನವರು ಅದನ್ನು ಮಲಯಾಳದಲ್ಲಿ 'ವ್ಯವಹಾರ' ಎಂದು ಕೇಳುತ್ತೇವೆ. ಹಿಂದಿಯವರಿಗೆ ಅದು 'ವಿಮರ್ಶ್'. ತಮಿಳಿನವರು ಚೆಂದಕ್ಕೆ 'ಸೊಲ್ಲಾಡಲ್' ಅನ್ನುತ್ತಾರೆ, ನಮ್ಮ ಸೊಲ್ಲೇ ಅದು. ಕನ್ನಡದಲ್ಲಿ ವ್ಯವಹಾರ ಅಂದರೆ ಅಡಿಕೆ ಮಂಡಿ ನೆನಪಾಗುತ್ತದೆ, ವಿಮರ್ಶೆ ಅಂದರೆ ಸಾಹಿತ್ಯ ನೆನಪಾಗುತ್ತದೆ. ನಾನು ಮೇಷ್ಟ್ರಾಗಿದ್ದಾಗ ಕೇರಳದ ಪಠ್ಯದಲ್ಲಿ ಡೈರಿ, ನೋಟಿಸು, ಸಂಭಾಷಣೆ ಎಲ್ಲವೂ 'ಡಿಸ್ಕೋರ್ಸ್' ಆಗಿತ್ತು. ಐದನೆಯ ಕ್ಲಾಸಿನ ಮಕ್ಕಳೂ "ಸಾರ್, ಇವತ್ತು ಯಾವ ಡಿಸ್ಕೋರ್ಸ್?" ಎಂದು ಕೇಳುತ್ತಿದ್ದರು. ಇಷ್ಟೆಲ್ಲ ಭಾಷೆಗಳು ಒಂದೇ ಬಸ್ಸಿನಲ್ಲಿ ಕೂತು ತಲಪಾಡಿಯ ಗಡಿ ದಾಟುವ ಊರಿನಲ್ಲಿ ಇಂಥ ಅಧ್ಯಯನ ನಡೆಯದೆ ಇನ್ನೆಲ್ಲಿ ನಡೆಯಬೇಕು?

ಪಿಎಚ್‌ಡಿಗೆ ಮೊದಲು ಪೇಪರ್ ಪ್ರಕಟಿಸಲೇಬೇಕು ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆದುಹಾಕಿದೆ. ಆದರೂ ಗೈಡುಗಳ ಬಾಯಲ್ಲಿ ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಪತ್ರಿಕೆಗಳ ಪಟ್ಟಿಯ ಜಪ ನಿಂತಿಲ್ಲ. ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಆ ಲೆಕ್ಕವೇ ಅಲ್ವಾ ಸಲ್ಲುವುದು! ಮಕ್ಕಳನ್ನು ಬೈದು ಪ್ರಯೋಜನ ಇಲ್ಲ.

ನನ್ನ ಬೇಡಿಕೆ ಎರಡೇ. ನಮ್ಮ ಜಿಲ್ಲೆಯ ಜನರನ್ನು ಮಾತಾಡಿಸಿ ಯಾರೇ ಪ್ರಬಂಧ ಬರೆಯಲಿ, ಅದರ ಸಾರವನ್ನು ಇಪ್ಪತ್ತು ಪುಟದಲ್ಲಿ, ಆ ಜನ ಓದುವ ಭಾಷೆಯಲ್ಲಿ ಬರೆದು ಆ ಊರಿನ ಗ್ರಂಥಾಲಯಕ್ಕೆ ಕೊಡಲಿ. ಊರೂರಿಗೆ ಗ್ರಂಥಾಲಯ ಇರುವುದು ಕೇರಳಕ್ಕೆ ಸೇರಿದ್ದರಿಂದ ನಮಗಾದ ಒಂದು ಲಾಭ, ಅದನ್ನು ಬಳಸಿಕೊಳ್ಳೋಣ. ಆ ಅಜ್ಜಿಗೆ ತಾನು ಹೇಳಿದ್ದು ಏನಾಯಿತೆಂದು ಯಾರಾದರೂ ಓದಿ ಹೇಳುವಂತಾಗಲಿ. ಎರಡನೆಯದು ನಿಮ್ಮಲ್ಲಿ. ತಿಂಗಳಿಗೆ ಅರ್ಧ ಪುಟ ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ.

ಮೊದಲ ಬರಹ ನಮ್ಮ ಹುಡುಗಿಯದ್ದೇ ಆಗಬಹುದು, ಬರೆದು ಇಟ್ಟಿದ್ದಾಳೆ. ಅದರಲ್ಲಿ ಮದ್ದು ಮದ್ದೇ ಆಗಿದೆ, ಬಿಟ್ಟವರೂ ಇದ್ದಾರೆ. ನಿಮ್ಮ ಉಪಸಂಪಾದಕರು ದಯವಿಟ್ಟು ಅದನ್ನು ಕೀಟನಾಶಕ ಎಂದು ತಿದ್ದಬಾರದು.

ಇತಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ